ಬಂದರಿನ ಆ ದೃಶ್ಯ

ಕಮಲಾಕರ ರಾಯರು ಮಂಗಳವಾರ ಬೆಳಿಗ್ಗೆ ಕಾಫಿ ಕುಡಿದು, ಪೇಪರು ಮಡಚಿಟ್ಟು, ಕುರ್ಚಿಯಲ್ಲೇ ಹೋಗಿಬಿಟ್ಟರು. ಹಿಂದಿನ ಸಂಜೆ ನಮ್ಮ ಕೋಡಂಬಾಕ್ಕಂ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ನನ್ನೊಡನೆ ನಕ್ಕಿದ್ದ ಮನುಷ್ಯ! ಅವರ ಮಗಳು ವಿಮಲಾ ಬಂದು ಬಾಗಿಲು ಬಡಿದಾಗ ನನಗೆ ಚಪ್ಪಲಿ ಮೆಟ್ಟುವುದೂ ತೋಚಲಿಲ್ಲ.

ಅವರು ಕುಂದಾಪುರದ ಕಡೆಯಿಂದ ಹೋಟೆಲ್ ಕೆಲಸಕ್ಕೆ ಮದ್ರಾಸಿಗೆ ಬಂದವರು. ಸ್ಟುಡಿಯೋಗಳಿಗೆ ತಿಂಡಿ ಒಯ್ಯುತ್ತಿದ್ದಾಗ ಯಾರೋ ಅವರ ಚೂಪು ಮೂಗು ನೋಡಿ ಬಣ್ಣ ಹಚ್ಚಿಸಿದರು. ನಲವತ್ತು ಚಿತ್ರ ಮಾಡಿದರೂ ಜನ ನೆನಪಿಟ್ಟದ್ದು ಗೂಢಚಾರರ ಚಿತ್ರವೊಂದರ ಖಳನನ್ನು ಮಾತ್ರ. ರಾಯಪುರಂ ಬಳಿಯ ಬಂದರಿನಲ್ಲಿ ದೋಣಿಯಿಂದ ಬಾಗಿ, ನಾಯಕನ ಗೆಳೆಯನ ಕೂದಲು ಹಿಡಿದು ನೀರಿಗೆ ಅದುಮುತ್ತ ಗಹಗಹಿಸುವ ದೃಶ್ಯ. ಹಾಸನದ ಟೆಂಟ್ ಸಿನಿಮಾದಲ್ಲಿ ಅದನ್ನು ನೋಡಿ ಎಂಟು ವರ್ಷದ ನಾನು ಅತ್ತಿದ್ದೆ. ಊರಿನಲ್ಲಿ ನೋಡಿದ ಅವರ ತಾಯಿ ಮೂರು ತಿಂಗಳು ಮಗನಿಗೆ ಕಾಗದವನ್ನೇ ಬರೆಸಲಿಲ್ಲವಂತೆ.

ಬ್ಯಾಂಕಿನ ವರ್ಗಾವಣೆಯಲ್ಲಿ ಬಂದು ಪಕ್ಕದ ಮನೆಯವನಾದ ಮೇಲೆ, ಹನ್ನೊಂದು ವರ್ಷ ನಾನವರನ್ನು “ಏನು ಕೊಲೆಗಾರರೇ” ಎಂದೇ ರೇಗಿಸಿದೆ.

“ಆ ಸೀನೊಂದು ಬಿಡಿ ಮಾರಾಯ್ರೆ, ಬೇರೆ ಎಂತಾದ್ರೂ ಮಾತಾಡುವ,” ಎನ್ನುತ್ತಿದ್ದರು.

ಹೆಣ ಹಜಾರದಲ್ಲಿತ್ತು. ಬಂದವರಲ್ಲಿ ಯಾರೋ ಫೋನಿನಲ್ಲಿ ಅದೇ ದೃಶ್ಯ ಹಾಕಿದರು. ಕಾಲೆಳೆಯುತ್ತ ಬಂದ ಒಬ್ಬ ಮುದುಕ ಬಾಗಿಲಲ್ಲಿ ನಿಂತ.

“ಅದನ್ನ ನಿಲ್ಸಿ ಸಾರ್. ಅದು ಕೊಲೆ ಅಲ್ಲ. ಅಲ್ಲಿ ಮುಳುಗ್ತಿರೋನು ನಾನೇ, ಆ ಗೆಳೆಯನ ಪಾರ್ಟಿಗೆ ಡೂಪ್ ಹಾಕಿದ್ದ ಫೈಟರ್ ತಿರುಮಲ. ತಿರುವೊಟ್ಟಿಯೂರಿಂದ ಬಂದೆ.”

ಎಲ್ಲರೂ ಅವನತ್ತ ತಿರುಗಿದೆವು.

“ನಂಗೆ ಈಜು ಬರಲ್ಲ. ಬರುತ್ತೆ ಅಂತ ಸುಳ್ಳು ಹೇಳಿ ಚಾನ್ಸ್ ತಗೊಂಡಿದ್ದೆ. ರಾಯರಣ್ಣ ನನ್ನ ತಳ್ಳಿ, ನಿಂತು ನಗಬೇಕಿತ್ತು, ಅಷ್ಟೇ. ನಾನು ಮುಳುಗಿದೆ, ದೋಣಿ ಬಡಿದು ಕಾಲು ಮುರೀತು. ಅಣ್ಣ ಬಗ್ಗಿ ತಲೆಗೂದಲು ಹಿಡ್ಕೊಂಡ್ರು. ಅಲೆ ಕೆಳಗೆ ಎಳೆಯುತ್ತೆ, ಅವರು ಮೇಲಕ್ಕೆ ಎಳೀತಾರೆ. ದೂರದಲ್ಲಿದ್ದ ಕ್ಯಾಮೆರಾದವರು ಆಕ್ಟಿಂಗ್ ಅಂದ್ಕೊಂಡ್ರು. ಅಣ್ಣ ನಗಲಿಲ್ಲ ಸಾರ್, ಕಿರುಚಿದ್ರು. ನಗು ಡಬ್ಬಿಂಗ್‌ನಲ್ಲಿ ಹಾಕಿದ್ದು!”

ನಾನು ಫೋನು ಕಸಿದುಕೊಂಡು ಸದ್ದು ನಿಲ್ಲಿಸಿದೆ. ಬರೀ ರಾಯರ ತುಟಿಗಳನ್ನು ನೋಡಿದೆ. ಹಗ್ಗ. ಹಗ್ಗ ಹಾಕಿ. ಹಗ್ಗ. ವಿಮಲಾ ಗೋಡೆಗೊರಗಿ ಕುಸಿದಳು.

“ಅಪ್ಪ ನಂಗೂ ಹೇಳ್ಲಿಲ್ಲ. ಅಜ್ಜಿಗೂ ಹೇಳ್ಲಿಲ್ಲ. ಎಂತಕ್ಕೆ?”

“ಯಾರಿಗೂ ಹೇಳ್ಬೇಡಿ ಅಂತ ನಾನೇ ಬೇಡ್ಕೊಂಡೆ ಅಮ್ಮಾ. ಈಜು ಬರಲ್ಲ ಅಂತ ಗೊತ್ತಾದ್ರೆ ನನ್ನ ಯಾರು ಕರೀತಿದ್ರು? ಆಮೇಲೆ ಹೇಳ್ಬಿಡಿ ಅಣ್ಣ ಅಂತ ಎಷ್ಟೋ ಸಲ ಅಂದೆ. ‘ಇರಲಿ ಪೋಡಾ, ನೀ ಬದುಕಿದ್ಯಲ್ಲ’ ಅನ್ನೋರು.”

ಚಟ್ಟ ಎತ್ತುವ ಹೊತ್ತಿಗೆ ವಿಮಲಾ ಎದ್ದು ಬಂದು, “ನೀವು ಮುಂದೆ ನಿಲ್ಲಿ,” ಎಂದಳು. ಕುಂಟುತ್ತಲೇ ತಿರುಮಲ ಹೆಗಲು ಕೊಟ್ಟ. ಅವನ ಹಿಂದೆ ನಾನಿದ್ದೆ. ದಾರಿಯುದ್ದಕ್ಕೂ ರಾಯರ ಕ್ಷಮೆ ಕೇಳಬೇಕೆನಿಸಿತು; ಹೆಗಲು ಬದಲಿಸದೆ ನಡೆದೆ.