ಹಿರಿಯಳ ಮೀನು ಮೊದಲು

ನನ್ನ ಅಕ್ಷರ ಚೆನ್ನಾಗಿಲ್ಲ, ಕ್ಷಮಿಸಬೇಕು. ಶಾಲೆ ಬಿಟ್ಟ ಮೇಲೆ ಬರೆಯುವ ಅಭ್ಯಾಸ ತಪ್ಪಿದೆ. ಸಾಲು ನೇರವಾಗಿ ಬರಲೆಂದು ಗೆರೆ ಎಳೆದುಕೊಂಡೇ ಬರೆದಿದ್ದೇನೆ, ಆದರೂ ಕೆಲವು ಕಡೆ ಇಳಿದುಹೋಗಿದೆ. ಪದಗಳಿಗೂ ಬಹಳ ತಡಕಾಡಿದ್ದೇನೆ. ನಮ್ಮ ಸರೋವರದ ದಡದ ಹೆಂಗಸರ ಸಂಘದವರು ಇಲ್ಲಿಯ ಒಬ್ಬೊಬ್ಬರ ಬದುಕನ್ನು ಬರೆಸುತ್ತಿದ್ದಾರೆ. ನಾನು ನನ್ನ ದೊಡ್ಡಮ್ಮ ಅಮೊಂಡಿಯನ್ನು ಆರಿಸಿಕೊಂಡೆ. “ಹೊಗಳೋದಾದ್ರೆ ಬರೀಲೇಬೇಡ, ಆಗಿದ್ದನ್ನ ಆದ ಹಾಗೆ ಬರಿ” ಎಂದು ಅವಳೇ ಎಲ್ಲವನ್ನೂ ಹೇಳಿದಳು. ಇದರಲ್ಲಿ ನನ್ನ ಅಮ್ಮನೂ ಬರುತ್ತಾಳೆ. ಗೆಮ್ ಸೀಮೆಯ ಮಗಳಾದ್ದರಿಂದ ಊರೆಲ್ಲ ಅವಳನ್ನು ನ್ಯಾರ್‌ಗೆಮ್ ಎನ್ನುತ್ತದೆ. ಇಲ್ಲಿ ನಾನೂ ಹಾಗೆಯೇ ಬರೆಯುತ್ತೇನೆ.

ಅಮೊಂಡಿ ನೀರಿನ ಪಕ್ಕದಲ್ಲೇ ಹುಟ್ಟಿದವಳು. ಅವಳ ತವರು ಉಯೋಮದ ದಡದಲ್ಲಿ ಅವಳ ಅಪ್ಪ ಬಲೆ ಬೀಸುತ್ತಿದ್ದ. ನೆಟ್ಟಗೆ ನಿಲ್ಲಲು ಬರುವ ಮೊದಲೇ ಅವಳು ದೋಣಿಯೊಳಗೆ ನಿಂತ ನೀರನ್ನು ಸೋರೆ ಬುರುಡೆಯಿಂದ ಮೊಗೆದು ಹೊರಗೆ ಚೆಲ್ಲುತ್ತಿದ್ದಳಂತೆ. ನೀರಿನ ಬಣ್ಣ ನೋಡಿ ಗಾಳಿ ಯಾವ ಕಡೆಯಿಂದ ಬರಲಿದೆ ಎಂದು ಹೇಳುತ್ತಿದ್ದಳು. ದೋಣಿ ರಿಪೇರಿ ಮಾಡುವ ಓಗೊಲಾನನ್ನು ಮದುವೆಯಾಗಿ ನಮ್ಮ ಮನೆಗೆ ಹಿರಿಯ ಸೊಸೆಯಾಗಿ ಬಂದಳು. ಕೆಲವು ವರ್ಷಗಳ ಮೇಲೆ ಓಗೊಲಾನ ತಮ್ಮನನ್ನು ಮದುವೆಯಾಗಿ ನ್ಯಾರ್‌ಗೆಮ್ ಬಂದಳು.

ನಮ್ಮಲ್ಲಿ ಎಲ್ಲದಕ್ಕೂ ಹಿರಿಯಳು ಮೊದಲು. ಹಿರಿಯ ಸೊಸೆ ಬೀಜ ಹಾಕದೆ ಕಿರಿಯಳು ಹೊಲಕ್ಕೆ ಇಳಿಯುವಂತಿಲ್ಲ. ಹಿರಿಯಳು ಹೊಸ ಜೋಳದ ತೆನೆ ಮನೆಗೆ ತರದೆ ಕಿರಿಯಳು ಒಂದು ತೆನೆಯನ್ನೂ ಮುರಿಯುವಂತಿಲ್ಲ. ಈ ಕಟ್ಟಳೆ ಅಮೊಂಡಿಗೆ ಬಹಳ ಇಷ್ಟವಾಗಿತ್ತು. ಉಳಿದ ಯಾವುದರಲ್ಲೂ ಅವಳು ಮೊದಲಿರಲಿಲ್ಲ. ಅವಳಿಗೆ ಹುಟ್ಟಿದ್ದೆಲ್ಲ ಹೆಣ್ಣು, ಎಲ್ಲರೂ ಮದುವೆಯಾಗಿ ದೂರ ಹೋದರು. ನ್ಯಾರ್‌ಗೆಮ್‌ಗೆ ಸಾಲಾಗಿ ಗಂಡುಮಕ್ಕಳು, ಕೊನೆಗೆ ನಾನೊಬ್ಬಳು. ನ್ಯಾರ್‌ಗೆಮ್ ನಕ್ಕರೆ ಅಂಗಳದಲ್ಲಿದ್ದವರೆಲ್ಲ ನಗುತ್ತಿದ್ದರು. ಅಮೊಂಡಿ ನಕ್ಕರೆ “ಏನಾಯ್ತು?” ಎಂದು ಕೇಳುತ್ತಿದ್ದರು.

ಆದರೆ ನೀರು ಅಮೊಂಡಿಯದಾಗಿತ್ತು. ಗುಡ್ಡದ ಸೀಮೆಯಿಂದ ಬಂದ ನ್ಯಾರ್‌ಗೆಮ್ ದೋಣಿ ಹತ್ತಿದರೆ ಎರಡೂ ಅಂಚನ್ನು ಹಿಡಿದು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. “ಕಣ್ ಬಿಡೇ, ಸರೋವರ ನಿನ್ನನ್ನ ನುಂಗಿ ಏನು ಮಾಡುತ್ತೆ, ಅದಕ್ಕೇನು ರುಚಿ ಗೊತ್ತಿಲ್ವಾ?” ಎಂದು ಅಮೊಂಡಿ ಕೆಣಕುತ್ತಿದ್ದಳು. ಆ ದಿನಗಳನ್ನು ಹೇಳುವಾಗ ಅವಳ ಮುಖ ಈಗಲೂ ಅರಳುತ್ತದೆ.

ಬಲೆಗಳು ಬರಿದಾಗಿ ಬರತೊಡಗಿದ ಮೇಲೆ ದಡದ ಜನ ಕೊಲ್ಲಿಯಲ್ಲಿ ಪಂಜರ ಕಟ್ಟಿ ತಿಲಾಪಿಯ ಮೀನು ಸಾಕಲು ಶುರುಮಾಡಿದರು. ನಾಲ್ಕು ಮೂಲೆಗೆ ತೇಲುವ ಪೀಪಾಯಿ, ಮೇಲೆ ಹಲಗೆ, ಕೆಳಗೆ ಇಳಿಬಿಟ್ಟ ಬಲೆ. ಅಮೊಂಡಿ ಒಂದು ಪಂಜರ ಹಾಕಿದಳು. ಪಕ್ಕದಲ್ಲೇ ನ್ಯಾರ್‌ಗೆಮ್ ಇನ್ನೊಂದು ಹಾಕಿದಳು. ಮರಿ ತರುವಾಗ ಅಮೊಂಡಿ, ತಾನು ನೀರಿನವಳು, ತನಗೆ ಯಾರು ಏನು ಹೇಳಿಕೊಡಬೇಕು ಎಂದುಕೊಂಡು ದಡಕ್ಕೆ ಬಂದ ಮಾರಾಟದವನ ಡ್ರಮ್ಮಿನಿಂದ ಗಂಡು ಹೆಣ್ಣು ಬೆರೆತ ಮರಿಗಳನ್ನು ಕೊಂಡಳು. ಏನೂ ಗೊತ್ತಿಲ್ಲದ ನ್ಯಾರ್‌ಗೆಮ್ ಹತ್ತು ಜನರನ್ನು ಕೇಳಿ, ಬಸ್ಸಿನಲ್ಲಿ ದೂರ ಹೋಗಿ, ಬರೀ ಗಂಡು ಮರಿಗಳನ್ನೇ ಆರಿಸಿ ಕೊಡುವ ಕಡೆಯಿಂದ ತಂದಳು.

ಬೆರೆತ ಮರಿಗಳು ಬೆಳೆಯುವ ಬದಲು ಸಂಸಾರ ಹೂಡಿದವು. ತಿಲಾಪಿಯದ ತಾಯಿ ಮೊಟ್ಟೆಯನ್ನೂ ಮರಿಯನ್ನೂ ಬಾಯಲ್ಲೇ ಇಟ್ಟುಕೊಂಡು ಕಾಯುತ್ತದೆ, ಅಷ್ಟು ದಿನವೂ ಏನನ್ನೂ ತಿನ್ನುವುದಿಲ್ಲ. ಅಮೊಂಡಿ ಬಲೆ ಎತ್ತಿ ನೋಡಿದರೆ ತಲೆ ದೊಡ್ಡದು, ಮೈ ಬಾಚಣಿಗೆಯಷ್ಟು ತೆಳ್ಳಗೆ. ಪಕ್ಕದ ಪಂಜರದಲ್ಲಿ ನ್ಯಾರ್‌ಗೆಮ್‌ಳ ಗಂಡುಗಳು ಬೆನ್ನು ದಪ್ಪವಾಗಿ, ಮೇವು ಎರಚಿದರೆ ನೀರನ್ನೇ ಕುದಿಸುತ್ತಿದ್ದವು.

“ಹೊಟ್ಟೇಲೂ ಗಂಡು, ಪಂಜರದಲ್ಲೂ ಗಂಡು” ಎಂದು ಅಮೊಂಡಿ ಹುಟ್ಟು ಹಾಕುತ್ತಾ ಗೊಣಗಿದಳು.

“ಏನಂದೆ ಅಕ್ಕಾ?”

“ಬಿಸಿಲು ಅಂದೆ.”

ಈಗ ನ್ಯಾರ್‌ಗೆಮ್ ದೋಣಿಯಲ್ಲಿ ಕಣ್ಣು ಮುಚ್ಚುತ್ತಿರಲಿಲ್ಲ. ನಿಂತುಕೊಂಡೇ ಹುಟ್ಟು ಹಾಕುತ್ತಿದ್ದಳು. ಮೀನಿನ ದಪ್ಪಕ್ಕಿಂತ ಆ ನಿಲುವೇ ಅಮೊಂಡಿಯನ್ನು ಹೆಚ್ಚು ಸುಟ್ಟಿತು.

ನ್ಯಾರ್‌ಗೆಮ್‌ಳ ಮೀನು ತೆಗೆಯುವ ಹದಕ್ಕೆ ಬಂದಾಗ ಅಮೊಂಡಿ ಅತ್ತೆಯ ಮುಂದೆ ಹೋಗಿ ಕುಳಿತಳು. ಅತ್ತೆ ನೆಲಗಡಲೆ ಸುಲಿಯುತ್ತಿದ್ದಳು.

“ಅತ್ತೆ, ಜೋಳ ಕೊಯ್ಯೋಕೆ ಹಿರಿಯಳು ಮೊದಲು. ಮೀನಿಗೆ ಬೇರೆ ಕಟ್ಟಳೆನಾ?”

“ನಮ್ಮ ಕಾಲದಲ್ಲಿ ಮೀನನ್ನ ಯಾರಮ್ಮ ಬಿತ್ತುತಿದ್ರು? ತಾನಾಗೇ ಬರ್ತಿತ್ತು, ಹಿಡೀತಿದ್ವಿ.”

“ಈಗ ಬಿತ್ತಿದೀವಲ್ಲ.”

ಅತ್ತೆ ಒಂದು ಕಾಳನ್ನು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದಳು. “ಬಿತ್ತಿದ್ದು ಹೌದು ಅಂದ್ಮೇಲೆ ಕೊಯ್ಯೋದೂ ಹೌದು. ಹಿರಿಯಳ ಕೈಯಿಂದ ಮೊದಲು ಮೀನು ಮನೆಗೆ ಬರ್ಲಿ.”

ನ್ಯಾರ್‌ಗೆಮ್ ಜಗಳಕ್ಕೆ ಬರುತ್ತಾಳೆ, ನಾಲ್ಕು ಮಾತು ಆಡಬಹುದು ಎಂದು ಅಮೊಂಡಿ ಸಿದ್ಧವಾಗಿದ್ದಳು. ಅವಳು ಬರಲಿಲ್ಲ. “ಆಯ್ತು ಬಿಡಿ ಅತ್ತೆ. ಅಕ್ಕ ತೆಗೆದ ಮೇಲೇ ನಾನು ತೆಗೀತೀನಿ. ಅಷ್ಟರಲ್ಲಿ ನನ್ನವು ಇನ್ನೂ ಚೂರು ದಪ್ಪ ಆಗ್ತಾವೆ” ಎಂದು ನಕ್ಕಳು. ಅಂಗಳದಲ್ಲಿದ್ದವರೂ ನಕ್ಕರು. ಗೆದ್ದು ಬಂದ ಅಮೊಂಡಿಗೆ ಸೋತ ಹಾಗಾಯಿತು. ಇನ್ನು ಅವಳಿಗೆ ಒಂದೇ ಯೋಚನೆ: ತನ್ನ ಮೀನು ಬೇಗ ದಪ್ಪವಾಗಬೇಕು. ಬಾಚಣಿಗೆಯಂಥ ಮೀನನ್ನು ಎಲ್ಲರ ಮುಂದೆ ಮೊದಲು ದಡಕ್ಕೆ ತಂದರೆ ಊರಿಗೇ ನಗೆಪಾಟಲು.

ಆ ವಾರವೇ ಗೆಮ್‌ನಲ್ಲಿ ನ್ಯಾರ್‌ಗೆಮ್‌ಳ ಸೋದರಮಾವ ತೀರಿಕೊಂಡ. “ಅಕ್ಕಾ, ಮಣ್ಣು ಮಾಡಿ, ಕಾರ್ಯ ಮುಗಿಯೋ ತನಕ ಬರೋಕಾಗಲ್ಲ. ನನ್ನ ಮೀನಿಗೆ ಮೇವು ಹಾಕ್ತೀಯಾ?”

“ಹಾಕದೆ ಇನ್ನೇನು. ಅಳೋದು ಬಿಟ್ಟು ಹೊರಡು, ಬಸ್ ತಪ್ಪುತ್ತೆ.”

ಮೊದಲ ದಿನ ಅಮೊಂಡಿ ನ್ಯಾರ್‌ಗೆಮ್‌ಳ ಚೀಲದಿಂದ ಬೋಗುಣಿ ತುಂಬ ಮೇವು ತುಂಬಿಕೊಂಡು ಅವಳ ಪಂಜರದ ಹಲಗೆಯ ಮೇಲೆ ನಿಂತಳು. ನೆರಳು ಬಿದ್ದದ್ದೇ ತಡ, ಮೀನೆಲ್ಲ ಬಾಯಿ ಬಿಟ್ಟು ಮೇಲೆ ಬಂದವು. ಅಷ್ಟು ದಪ್ಪ ಬೆನ್ನುಗಳು. ಅವಳು ಬೋಗುಣಿಯನ್ನು ಎತ್ತಿಕೊಂಡು ತನ್ನ ಪಂಜರಕ್ಕೆ ದಾಟಿ, ಅದನ್ನೂ ತನ್ನ ಮೀನಿಗೇ ಎರಚಿದಳು. ಒಂದು ಹೊತ್ತು ತಪ್ಪಿದರೆ ಏನೂ ಸಾಯುವುದಿಲ್ಲ, ಬೆಳೆಯುವುದು ಒಂದಿಷ್ಟು ನಿಲ್ಲುತ್ತದೆ, ಅಷ್ಟೇ. ಸಂಜೆಗೂ ಹಾಗೆಯೇ ಮಾಡಿದಳು. ಮರುದಿನವೂ. ಆಮೇಲೆ ಯೋಚಿಸುವುದನ್ನೇ ಬಿಟ್ಟಳು.

ಗಾಳಿಯೇ ಇಲ್ಲದ ಬಿಸಿ ದಿನಗಳು ಅವು. ನೀರಿನ ಮೇಲೆ ಪಾಚಿ ಬಣ್ಣ ಬಳಿದ ಹಾಗೆ ಹರಡಿತ್ತು. ಅಷ್ಟರಲ್ಲಿ ತೆಂಕಣ ಗಾಳಿ ಎದ್ದು ಒಂದೇ ಸಮ ಬೀಸಿತು. ಬೆಳಿಗ್ಗೆ ಅಮೊಂಡಿ ಪಂಜರದ ಹತ್ತಿರ ಹೋದಾಗ ನೀರು ಕಂದು ತಿರುಗಿತ್ತು, ಕೊಳೆತ ಮೊಟ್ಟೆಯ ವಾಸನೆ ಬರುತ್ತಿತ್ತು. ಸರೋವರ ಮಗ್ಗುಲು ಬದಲಿಸುತ್ತಿದೆ ಎಂದು ಅವಳಪ್ಪ ಇದನ್ನೇ ಹೇಳುತ್ತಿದ್ದ. ಬಹಳ ಕಾಲ ಅಡಿಯಲ್ಲಿ ಕೊಳೆಯುತ್ತಾ ನಿಂತ ನೀರು ಮೇಲೆ ಬರುತ್ತದೆ. ಅದರಲ್ಲಿ ಮೀನಿಗೆ ಉಸಿರಾಡಲು ಏನೂ ಇರುವುದಿಲ್ಲ.

ಆಚೆ ಪಂಜರದಿಂದ ಓಡಿಯಾಗ ಕೂಗಿದ. ಅವನು ಓಗೊಲಾನ ದಾಯಾದಿ. “ಅತ್ತಿಗೆ, ಇವತ್ತು ಮೇವು ಹಾಕ್ಬೇಡಿ! ಹೊಟ್ಟೆ ತುಂಬಿದ ಮೀನಿಗೆ ಉಸಿರು ಜಾಸ್ತಿ ಬೇಕು!”

“ನೀರಿನ ಮಗಳಿಗೆ ನೀರಿನ ಪಾಠ ಹೇಳ್ತೀಯೇನೋ?” ಎಂದು ಅವಳು ತಿರುಗಿ ಕೂಗಿದಳು.

ಅವಳಿಗೆ ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು. ಆದರೆ ಮರುದಿನ ನ್ಯಾರ್‌ಗೆಮ್ ಬರುವವಳಿದ್ದಳು, ಇವತ್ತೊಂದು ದಿನ ಬಿಟ್ಟರೆ ಅವಳ ಮೇವಿನಿಂದ ತನ್ನ ಮೀನನ್ನು ಕೊಬ್ಬಿಸುವ ಅವಕಾಶ ಮತ್ತೆ ಸಿಗುತ್ತಿರಲಿಲ್ಲ. ಓಡಿಯಾಗನ ದೋಣಿ ದಡದ ಕಡೆ ತಿರುಗುವವರೆಗೆ ಕಾದು, ಎರಡೂ ಬೋಗುಣಿಗಳನ್ನು ತನ್ನ ಪಂಜರಕ್ಕೆ ಸುರಿದಳು. ಮೀನು ತಿಂದವು.

ಮರುದಿನ ಬೆಳಗಾಗುವಷ್ಟರಲ್ಲಿ ಅವಳ ಪಂಜರ ಬೆಳ್ಳಗಾಗಿತ್ತು. ಈ ಅಂಚಿನಿಂದ ಆ ಅಂಚಿನವರೆಗೂ ತಿರುಗಿಬಿದ್ದ ಹೊಟ್ಟೆಗಳು, ಉಬ್ಬಿದ ಹೊಟ್ಟೆಗಳು. ಪಕ್ಕದ ಪಂಜರದಲ್ಲಿ ನ್ಯಾರ್‌ಗೆಮ್‌ಳ ಮೀನು ನೀರಿನ ಮೇಲೆ ಬಾಯಿಟ್ಟು ಗಾಳಿ ಕುಡಿಯುತ್ತಾ ಬದುಕಿದ್ದವು. ಕೆಲವು ಮಾತ್ರ ಸೋತು ಓರೆಯಾಗಿ ತೇಲುತ್ತಿದ್ದವು.

ಮಧ್ಯಾಹ್ನ ನ್ಯಾರ್‌ಗೆಮ್ ಬಂದಾಗ ದಡದಲ್ಲಿ ಗುಂಡಿ ತೋಡಿ ಅಮೊಂಡಿಯ ಮೀನನ್ನು ಹೂಳುತ್ತಿದ್ದರು. ಅವಳು ಗಂಟನ್ನು ಅಲ್ಲೇ ಹಾಕಿ, ಅಮೊಂಡಿಯ ಪಕ್ಕ ನೆಲದ ಮೇಲೆ ಕುಳಿತು, ಸಾವಿನ ಮನೆಯಲ್ಲಿ ಅಳುವ ಹಾಗೆ ದನಿ ತೆಗೆದು ಅತ್ತಳು.

ಓಡಿಯಾಗ ಸನಿಕೆ ಊರಿ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದ: “ನಾನು ಮೇವು ಬೇಡ ಅಂದಿದ್ದೆ. ಸತ್ತವುಗಳ ಹೊಟ್ಟೆ ನೋಡು, ತಮ್ಮದಕ್ಕೆ ನಿಲ್ಲಿಸ್ಲಿಲ್ಲ, ನಿನ್ನದಕ್ಕೆ ನಿಲ್ಲಿಸಿದ್ದಾರೆ. ಇಂಥ ವಾರಗಿತ್ತಿ ಎಲ್ಲಿ ಸಿಗ್ತಾಳೆ!”

“ಅಕ್ಕಾ, ನಿನ್ನದು ಹೋದ್ರೂ ನನ್ನದನ್ನ ಉಳಿಸಿದ್ಯಾ!” ಎಂದು ನ್ಯಾರ್‌ಗೆಮ್ ಅವಳ ಭುಜಕ್ಕೆ ಹಣೆ ಒತ್ತಿದಳು.

ಅಮೊಂಡಿಗೆ ಒಳಗೆ ಉರಿಯುತ್ತಿತ್ತು. ಕೆಡುಕು ಮಾಡಿದರೂ ಇವಳಿಗೆ ಒಳ್ಳೆಯದೇ ಆಗಬೇಕೇ? ತನ್ನ ಹೊಟ್ಟೆಕಿಚ್ಚೂ ಹೋಗಿ ಇವಳ ಮಡಕೆಯನ್ನೇ ತುಂಬಬೇಕೇ?

ಗುಂಡಿ ತೋಡಿದವರಿಗೆ ಊಟ ಹಾಕಬೇಕಿತ್ತು. ಸಾಯುತ್ತಿರುವುದನ್ನು ಎತ್ತಿದರೆ ಅದು ಕೊಯ್ಲಲ್ಲ ಎಂದು ಅತ್ತೆ ಒಪ್ಪಿದ್ದರಿಂದ, ಸೋತು ತೇಲುತ್ತಿದ್ದ ತನ್ನ ಮೀನನ್ನು ನ್ಯಾರ್‌ಗೆಮ್ ತರಿಸಿ, ಅಡುಗೆಮನೆಯ ಹಿಂದೆ ಕುಳಿತು ಹೆಚ್ಚತೊಡಗಿದಳು. ಅಮೊಂಡಿ ಮುದ್ದೆಗೆ ಎಸರಿಡುತ್ತಿದ್ದಳು. ಒಂದು ಮೀನಿನ ಹೊಟ್ಟೆ ಸೀಳಿದ ನ್ಯಾರ್‌ಗೆಮ್‌ಳ ಕೈ ನಿಂತಿತು. ಎರಡನೆಯದನ್ನು ಸೀಳಿದಳು, ಮೂರನೆಯದನ್ನೂ. ಕರುಳು ನೂಲಿನಂತೆ ಖಾಲಿ. ಪಿತ್ತದ ಚೀಲ ಉಬ್ಬಿ ಕಡುಹಸಿರಾಗಿತ್ತು. ಮೀನು ದಿನಗಟ್ಟಲೆ ಹಸಿದರೆ ಮಾತ್ರ ಪಿತ್ತ ಹಾಗೆ ತುಂಬುತ್ತದೆ.

“ಅಕ್ಕಾ, ಇದು ನಿನ್ನೆ ಒಂದು ದಿನದ ಉಪವಾಸ ಅಲ್ಲ. ನಾನು ಆ ಕಡೆ ಹೋದ ಕೂಡ್ಲೇ ನನ್ನ ಮೀನೆಲ್ಲ ಯಾವ ಉಪವಾಸದ ಚರ್ಚಿಗೆ ಸೇರ್ಕೊಂಡ್ವು?”

ಅಮೊಂಡಿ ಒಲೆಗೆ ಸೌದೆ ತುರುಕಿದಳು.

“ನನ್ನ ಮೇವಿನ ಚೀಲ ಖಾಲಿ ಇದೆಯಲ್ಲ.”

“ನನ್ನವಕ್ಕೆ ಹಾಕ್ದೆ.”

“ಎಲ್ಲಾನೂ?”

“ಎಲ್ಲಾನೂ.”

“ಯಾಕೆ?”

“ನಿನ್ನವು ದಪ್ಪ ಇದ್ವು.”

ನ್ಯಾರ್‌ಗೆಮ್ ಕರುಳನ್ನೆಲ್ಲ ಬಾಚಿ ನಾಯಿಗೆ ಎಸೆದು, ಕೈ ತೊಳೆದುಕೊಂಡು ಹೊರಟುಹೋದಳು. ಆಮೇಲೆ ಅಂಗಳದಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದಳು. ಯಾರಿಗೂ ಹೇಳಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು ಎನ್ನುತ್ತಾಳೆ ಅಮೊಂಡಿ. ಊರು ಇನ್ನೂ ಅವಳನ್ನು ಹೊಗಳುತ್ತಲೇ ಇತ್ತು.

ಈಗ ಇನ್ನೊಂದು ತೊಡಕು ಬಂತು. ಕೆಟ್ಟ ನೀರು ಮತ್ತೆ ಬರುವ ಮೊದಲು ನ್ಯಾರ್‌ಗೆಮ್ ಮೀನು ತೆಗೆಯಲೇಬೇಕು. ಆದರೆ ಹಿರಿಯಳು ತೆಗೆದಿರಲಿಲ್ಲ, ಹಿರಿಯಳ ಬಳಿ ತೆಗೆಯಲು ಮೀನೂ ಇರಲಿಲ್ಲ. ಅತ್ತೆ ಒಂದೇ ಮಾತು ಹಿಡಿದಳು: “ಒಂದಾದ್ರೂ ಅವಳ ಪಂಜರದಿಂದ, ಅವಳ ಕೈಯಿಂದ ಬರಬೇಕು. ಕಟ್ಟಳೆ ಕೇಳಿದ್ದು ಅವಳೇ ಅಲ್ವಾ?”

“ನನ್ನಲ್ಲೆಲ್ಲಿದೆ ಅತ್ತೆ, ಎಲ್ಲ ಗುಂಡೀಲಿದೆ” ಎಂದಳು ಅಮೊಂಡಿ. ಹಾಗೆ ಹೇಳುವಾಗ ನಾಲಿಗೆಗೆ ಸಿಹಿಯಾಗಿತ್ತಂತೆ. ತೇಲಿದ್ದನ್ನಷ್ಟೇ ಬಾಚಿ ತೆಗೆಸಿದ್ದಳು, ತನ್ನ ಬಲೆಯ ತಳವನ್ನು ಅವಳು ನೋಡಿಯೇ ಇರಲಿಲ್ಲ. ನೋಡದೆ ಇದ್ದರೆ ಸಾಕಿತ್ತು. ನ್ಯಾರ್‌ಗೆಮ್‌ಳ ಆ ದಪ್ಪ ಬೆನ್ನುಗಳೆಲ್ಲ ಅಲ್ಲೇ ಕಾಯುತ್ತಾ ಕೂತು, ಇನ್ನೊಂದು ಗಾಳಿಗೆ ಬೆಳ್ಳಗಾಗಿಬಿಡುತ್ತಿದ್ದವು.

ಆ ಗಾಳಿ ಒಂದು ಬೆಳಿಗ್ಗೆ ಎದ್ದಿತು. ಅಮೊಂಡಿ ಅಂಗಳ ಗುಡಿಸುತ್ತಿದ್ದಳು. ದಡದಲ್ಲಿ ನ್ಯಾರ್‌ಗೆಮ್ ಒಬ್ಬಳೇ ನಿಂತು ನೀರನ್ನು ಮೂಸಿ ನೋಡುತ್ತಿದ್ದಳು. ಮೊದಲ ಸಲ ದೋಣಿ ಹತ್ತಿದಾಗ ಇದ್ದ ಮುಖವೇ ಅವಳಿಗಿತ್ತು. ಅಮೊಂಡಿ ಪೊರಕೆ ಬಿಸಾಡಿ, ತನ್ನ ಪಂಜರದ ಕಡೆ ದೋಣಿ ತಳ್ಳಿಕೊಂಡು ಹೋದಳು.

ಬಲೆಯನ್ನು ಪೂರ್ತಿ ಎತ್ತಿದಾಗ ಮೂಲೆಯಲ್ಲಿ ಕೆಲವು ಮೀನು ಮಿಸುಕಾಡಿದವು. ಎಲ್ಲವೂ ತಾಯಿಮೀನುಗಳು. ಬಾಯಲ್ಲಿ ಮರಿ ಇದ್ದುದರಿಂದ ಅವಳು ಸುರಿದ ಮೇವನ್ನು ಮುಟ್ಟಿರಲಿಲ್ಲ, ಅದಕ್ಕೇ ಉಳಿದಿದ್ದವು. ಒಂದನ್ನು ಕೈಯಲ್ಲಿ ಹಿಡಿದು ನೀರಿನಲ್ಲೇ ಅದರ ಬಾಯಿ ಬಿಡಿಸಿದಳು. ಸಾಸಿವೆಯಂಥ ಕಣ್ಣುಗಳ ಮರಿಗಳು ಹೊರಗೆ ಚೆದುರಿದವು. ಮೀನನ್ನು ಬುಟ್ಟಿಗೆ ಹಾಕಿಕೊಂಡು, ಊರೆಲ್ಲ ನೋಡುವಂತೆ ದಡದ ಮೇಲೆ ನಡೆದು ಅತ್ತೆಯ ಮುಂದೆ ಇಟ್ಟಳು.

ನ್ಯಾರ್‌ಗೆಮ್ ಬಗ್ಗಿ ನೋಡಿದಳು. ಅಷ್ಟು ದಿನಗಳ ಮೇಲೆ ಬಾಯಿ ಬಿಟ್ಟಳು. “ಇದೇನಾ ನಿನ್ನ ಸುಗ್ಗಿ? ತಲೆ ಬಿಟ್ರೆ ಏನೂ ಇಲ್ಲ.”

“ತಲೆ ಆದ್ರೂ ಹಿರಿಯಳದ್ದು. ನಿಂತ್ಕೊಂಡು ನಗಬೇಡ, ಹೋಗಿ ತೆಗಿ. ವಾಸನೆ ಬರ್ತಿದೆ.”

ಆ ದಿನ ಸಂಜೆಯವರೆಗೂ ನ್ಯಾರ್‌ಗೆಮ್‌ಳ ಬುಟ್ಟಿಗಳು ಅಮೊಂಡಿಯ ಕಣ್ಣ ಮುಂದೆಯೇ ಹೋದವು. ಬಲೆ ಎಳೆಯಲು ಅವಳೂ ಕೈ ಕೊಟ್ಟಳು. ಪ್ರತಿ ಬುಟ್ಟಿಗೂ ಹೊಟ್ಟೆ ಉರಿಯಿತಂತೆ. “ಇದನ್ನೂ ಬರಿ, ಬಿಡಬೇಡ” ಎಂದಿದ್ದಾಳೆ.

ಈಗ ಅಮೊಂಡಿಯ ಪಂಜರದಲ್ಲಿ ಹೊಸ ಮರಿಗಳಿವೆ, ಈ ಸಲ ಬರೀ ಗಂಡು. ನ್ಯಾರ್‌ಗೆಮ್ ಜೊತೆಗೆ ಹೋಗಿ ಆರಿಸಿಕೊಟ್ಟಳು. ಇವತ್ತು ಅಮೊಂಡಿ ತನ್ನ ಒಡಹುಟ್ಟಿದ ಅಕ್ಕನ ಮೊಮ್ಮಗುವನ್ನು ನೋಡಲು ಉಯೋಮಕ್ಕೆ ಹೊರಟಿದ್ದಾಳೆ. “ನಿಶ್ಚಿಂತೆಯಿಂದ ಹೋಗಿ ಬಾ ಅಕ್ಕಾ, ನಿನ್ನ ಮೀನಿಗೆ ನಾನು ಮೇವು ಹಾಕ್ತೀನಿ” ಎಂದು ನ್ಯಾರ್‌ಗೆಮ್ ಬಹಳ ಸಿಹಿಯಾಗಿ ಹೇಳಿದಳು. ಅಮೊಂಡಿ ಅವಳ ಮುಖವನ್ನು ಬಹಳ ಹೊತ್ತು ನೋಡಿ, ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದಳು.

ನಾಳೆ ಬೆಳಿಗ್ಗೆ ನಾನು ಅಮ್ಮನ ಜೊತೆ ದೋಣಿಯಲ್ಲಿ ಹೋಗಿ, ಮೊದಲು ನೀರಿನ ಬಣ್ಣ ನೋಡಿ, ದೊಡ್ಡಮ್ಮನ ಪಂಜರಕ್ಕೆ ಮೇವು ಬೀಳುವುದನ್ನು ಕಣ್ಣಾರೆ ನೋಡಿಕೊಂಡು ಬರುತ್ತೇನೆ.