ರುಚಿ ನೋಡದೆ ಮಾಡಿದ ಮೆಕ್ಸಿಕೋ ಕೋಳಿ

ಅಥವಾ ಅದು ಕೆಂಪು ಹುಂಜವೇ ಅಲ್ಲವೇನೋ. ಇಲ್ಲಿಯವರೆಗೆ ಕೆಂಪು ಎಂದುಕೊಂಡೇ ಬಂದಿದ್ದೇನೆ, ಏಕೆಂದರೆ ನನ್ನ ತಲೆಯಲ್ಲಿ ಹುಂಜ ಎಂದರೆ ಕೆಂಪಗೇ ಇರುತ್ತದೆ. ಹೆಂಡತಿಯನ್ನು ಕೇಳಿದರೆ, ಬೂದು ಬಣ್ಣದ್ದು, ಕುತ್ತಿಗೆಯ ಹತ್ತಿರ ಬಿಳಿ ಚುಕ್ಕಿ ಇತ್ತು ಎನ್ನುತ್ತಾಳೆ. ಅವಳು ಇಷ್ಟು ವಿವರವಾಗಿ ಹೇಳಿದಾಗಲೆಲ್ಲ ನನಗೆ ಅನುಮಾನ ಹೆಚ್ಚುತ್ತದೆ. ಚುಕ್ಕಿಗಳು ಆಮೇಲೆ ಬೆಳೆಯುವಂಥವು. ಪವರ್‌ಹೌಸಿನಲ್ಲಿ ಪಾಳಿಯ ಮೇಲೆ ಮೀಟರ್ ನೋಡುವುದು ನನ್ನ ಕೆಲಸ. ಅಲ್ಲಿ ಮುಳ್ಳು ಎಲ್ಲಿ ನಿಂತಿದೆಯೋ ಅದೇ ನಿಜ. ಮನೆಯಲ್ಲಿ ನಡೆದದ್ದಕ್ಕೆ ಮುಳ್ಳಿಲ್ಲ. ಆದ್ದರಿಂದ ಹುಂಜ ಇತ್ತು ಎಂದಷ್ಟೇ ಹೇಳಿ, ಬಣ್ಣವನ್ನು ಬಿಟ್ಟು ಮುಂದೆ ಹೋಗುತ್ತೇನೆ.

ಮೊಣಕಾಲು ಹಿಡಿದುಕೊಂಡು ರಜೆ ಹಾಕಿ ಮಲಗಿದ್ದೆ. ಮಲಗಿದವನ ಕೈಗೆ ಫೋನು ಕೊಟ್ಟರೆ ಏನಾಗುತ್ತದೋ ಅದೇ ಆಯಿತು. ವಿಡಿಯೋದಲ್ಲಿ ಯಾರೋ ಒಬ್ಬ ಮೆಕ್ಸಿಕೋದ ಮುದುಕಿ ಒಣಮೆಣಸಿನಕಾಯಿ, ಎಳ್ಳು, ಶೇಂಗಾ, ಒಣದ್ರಾಕ್ಷಿ ಹುರಿದು, ಹಳೆಯ ರೊಟ್ಟಿಯ ಚೂರನ್ನೂ ಕರಿದು, ಎಲ್ಲವನ್ನೂ ಕಲ್ಲಿನ ಮೇಲೆ ಅರೆದಳು. ಅಲ್ಲಿಯವರೆಗೆ ನಮ್ಮ ಮನೆಯದೇ ಅನ್ನಿಸಿತು. ಕೊನೆಗೆ ಅವಳು ಅದಕ್ಕೆ ಚಾಕಲೇಟ್ ಹಾಕಿ, ಬೆಂದ ಕೋಳಿಯ ಮೇಲೆ ಸುರಿದಳು. ನಾನು ಹೆಂಡತಿಯನ್ನು ಕೂಗಿದೆ.

‘ಕೋಳಿಗೆ ಚಾಕಲೇಟ್ ಹಾಕ್ತಾರ ನೋಡು ಇಲ್ಲಿ.’

‘ನಿಮಗ ಮೊಣಕಾಲು ನೋವು. ಅವರಿಗೆ ಎಲ್ಲಿ ನೋವೋ ಏನೋ.’

‘ಮಾಡಿದ್ರ ಹೆಂಗಿರ್ತದ?’

‘ಮಾಡ್ರಿ. ಆದ್ರ ಒಬ್ಬರ ತಿನ್ನಬ್ಯಾಡ್ರಿ. ನಾಕು ಮಂದೀನ ಕರೀರಿ. ಹೆಚ್ಚುಕಡಿಮಿ ಆದ್ರ ಎಲ್ಲಾರಿಗೂ ಸಮಾ ಆಗ್ತದ.’

ಹಾಗೆ ಅಕ್ಕಪಕ್ಕದ ಕ್ವಾರ್ಟರ್ಸಿನವರನ್ನು ಭಾನುವಾರದ ಊಟಕ್ಕೆ ಕರೆದದ್ದಾಯಿತು. ಬ್ಯಾಡಗಿ ಮೆಣಸಿನಕಾಯಿ ಮನೆಯಲ್ಲೇ ಇತ್ತು. ಚಾಕಲೇಟನ್ನು ದಾಂಡೇಲಿಯ ಒಂದು ಬೇಕರಿಯಿಂದ ತಂದೆ. ಕೇಕಿಗೆ ಹಾಕುವ ಕಪ್ಪು ಚಾಕಲೇಟ್ ಬೇಕು ಎಂದಾಗ ಅಂಗಡಿಯವನು ಯಾರ ಹುಟ್ಟುಹಬ್ಬ ಎಂದು ಕೇಳಿದ. ಕೋಳಿಯದು ಎಂದೆ. ಹೀಗೆ ಹೇಳಿದೆನೋ, ಹೇಳಿದ್ದರೆ ಚೆನ್ನಾಗಿತ್ತು ಎಂದು ಬಸ್ಸಿನಲ್ಲಿ ಅಂದುಕೊಂಡೆನೋ, ಈಗ ತಿಳಿಯದು.

ಹುಂಜ ಮಾತ್ರ ಆಯಿಯದು. ಆಯಿ ಅಂಬಿಕಾನಗರದ ನಮ್ಮ ಕಾಲೊನಿಯ ಕೆಳಗೆ, ಸಿದ್ದಿ ಕೇರಿಯಲ್ಲಿ ಇರುತ್ತಾಳೆ. ಅಣೆಕಟ್ಟು ಕಟ್ಟುವಾಗ ಹರೆಯದಲ್ಲಿ ಕಲ್ಲು ಹೊತ್ತವಳು, ಈಗ ಕೋಳಿ ಸಾಕುತ್ತಾಳೆ. ಆ ದಿನಗಳಲ್ಲಿ ಹುಬ್ಬಳ್ಳಿಯಲ್ಲಿ ಒಂದು ಕಣ್ಣಿನ ಪೊರೆ ತೆಗೆಸಿಕೊಂಡು ಬಂದಿದ್ದಳು. ಹಸಿರು ಬಟ್ಟೆ ಬಿಚ್ಚಿ ಕಪ್ಪು ಕನ್ನಡಕ ಹಾಕಿದ್ದರು. ಇನ್ನೊಂದು ಕಣ್ಣಿನ ಆಪರೇಷನ್ನಿಗೆ ಮುಂದಿನ ಗುರುವಾರ ಆಸ್ಪತ್ರೆಯ ಗಾಡಿ ಬರುವುದಿತ್ತು. ಭಾನುವಾರ ಇನ್ನೂ ಪೂರ್ತಿ ಬೆಳಕಾಗದ ಹೊತ್ತಿನಲ್ಲಿ, ಕನ್ನಡಕ ತೆಗೆಯದೆಯೇ, ಅಂಗಳದ ಎರಡು ಬುಟ್ಟಿಗಳಲ್ಲಿ ಒಂದನ್ನು ಎತ್ತಿ, ಹುಂಜದ ಕಾಲು ಹಿಡಿದು ನನ್ನ ಕೈಗೆ ಕೊಟ್ಟಳು. ಅದು ನನ್ನನ್ನು ನೋಡಿತು. ಇದನ್ನೂ ಆಮೇಲೆ ಸೇರಿಸಿಕೊಂಡಿರಬಹುದು.

ಕೋಳಿ ಅಂಗಡಿಯವನಿಂದ ಕೊಯ್ಯಿಸಿ ತಂದೆ. ಮೊಣಕಾಲಿಗೆ ಸೂಪು ಒಳ್ಳೆಯದೆಂದು ಕಾಲುಗಳನ್ನು ಬೇರೆ ಚೀಲದಲ್ಲಿ ಕಟ್ಟಿಸಿಕೊಂಡಿದ್ದೆ. ಮಸಾಲೆ ಅರೆದಾಯಿತು. ಕೋಳಿ ಬೆಂದಿತು. ಚಾಕಲೇಟ್ ಕರಗಿತು. ಸಾರು ಕೆಂಪಿನಿಂದ ಕಂದಾಗಿ, ಕಂದಿನಿಂದ ಕಪ್ಪಾಗಿ, ಕೊನೆಗೆ ದಪ್ಪ ಗುಳ್ಳೆ ಬಿಡುತ್ತ ಪಟ್ ಪಟ್ ಎನ್ನತೊಡಗಿತು. ಉಪ್ಪು ಕೊನೆಗೆ ಹಾಕುವುದು ನನ್ನ ಪದ್ಧತಿ. ಅದಕ್ಕೂ ಮೊದಲು ಒಂದು ಹನಿ ನಾಲಿಗೆಗೆ ಹಚ್ಚಿ ನೋಡೋಣವೆಂದು ಸೌಟು ಎತ್ತಿದ್ದೆ. ಆಗ ಹಿತ್ತಲ ಬಾಗಿಲಲ್ಲಿ ಆಯಿ ನಿಂತಿದ್ದಳು.

‘ತಮ್ಮಾ, ಆ ಹುಂಜ ಇನ್ನೂ ಜೀವ ಐತೇನು?’

ಹೆಂಡತಿ ಒಲೆಯ ಕಡೆ ನೋಡಿದಳು.

‘ಕುದೀಲಿಕ್ಕೆ ಹತ್ತೈತಿ, ಆಯಿ,’ ಎಂದೆ.

‘ಅದರ ಕಾಲು ಎಲ್ಲಿ?’

‘ಫ್ರಿಜ್ಜಿನ್ಯಾಗ.’

‘ತಾ ಇಲ್ಲಿ.’

ತಣ್ಣಗಿನ ಎರಡು ಕಾಲುಗಳನ್ನು ಕೈಯಲ್ಲಿ ಹಿಡಿದು ಬೆರಳು ಬೆರಳು ಮುಟ್ಟಿ ನೋಡಿದಳು. ಒಂದು ಬೆರಳಿನ ಉಗುರು ಕತ್ತರಿಸಿದ್ದಿತ್ತು. ಆಯಿ ಅಲ್ಲೇ ಕಟ್ಟೆಯ ಮೇಲೆ ಕೂತಳು.

‘ಹೂಂ. ಇವನ. ಹಿರ್ಯಾರಿಗೆ ಬಿಟ್ಟಾಂವ.’

ಕಣ್ಣು ಬಂದರೆ ಒಂದು ಹುಂಜ ಕೊಡುತ್ತೇನೆಂದು ತನ್ನ ಮನೆತನದ ತೀರಿಹೋದ ಹಿರಿಯರಿಗೆ ಆಯಿ ಹರಕೆ ಹೊತ್ತಿದ್ದಳು. ಹುಂಜವನ್ನು ಅವರ ಹೆಸರಿನ ಕಲ್ಲಿನ ಮುಂದೆ ತೋರಿಸಿ, ಗುರುತಿಗೆ ಉಗುರು ತೆಗೆದು, ಬೇರೆ ಬುಟ್ಟಿಯಲ್ಲಿ ಇಟ್ಟಿದ್ದಳು. ಮೊದಲ ಕಣ್ಣಿನ ಹರಕೆ ತೀರಿಸದೆ ಎರಡನೆಯ ಕಣ್ಣಿಗೆ ಕತ್ತರಿ ಹಾಕಿಸಿಕೊಳ್ಳುವಂತಿರಲಿಲ್ಲ. ಬೆಳಿಗ್ಗೆ ನನಗೆ ಕೊಡುವಾಗ ತಪ್ಪಿ ಆ ಬುಟ್ಟಿಯನ್ನೇ ಎತ್ತಿದ್ದಳು. ನನಗೆ ಮಾರಬೇಕೆಂದಿದ್ದ ಹುಂಜ ಈಗಲೂ ಅವಳ ಅಂಗಳದಲ್ಲಿ ಕೂಗುತ್ತಿತ್ತು.

‘ಅದನ್ನ ಕೊಟ್ರ ಆಗೂದಿಲ್ಲೇನು?’ ಎಂದು ಹೆಂಡತಿ ಕೇಳಿದಳು.

‘ಒಬ್ಬಾಂವನ್ನ ತೋರ್ಸಿ ಇನ್ನೊಬ್ಬಾಂವನ್ನ ಕೊಟ್ರ, ನೀ ಒಪ್ತಿದ್ದೇನು ನಿನ್ನ ಮದುವ್ಯಾಗ?’

ಹೆಂಡತಿ ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದಳು.

‘ಗುರುವಾರ ಗಾಡಿ ಬಂದ್ರ ನಾ ಹತ್ತಂಗಿಲ್ಲ,’ ಎಂದಳು ಆಯಿ. ‘ಒಂದ ಕಣ್ಣು ಸಾಕು. ಇದ್ದದ್ದೂ ಹೋದೀತು.’

ಆಯಿಯ ಮೈದುನನನ್ನು ಕರೆಸಿದೆವು. ಕೇರಿಯಲ್ಲಿ ಹಿರಿಯರ ಪೂಜೆ ಮಾಡುವವನು ಅವನೇ, ಎಲ್ಲರಿಗೂ ಕಾಕಾ. ಅವನು ಪಾತೇಲಿಯೊಳಗೆ ಬಹಳ ಹೊತ್ತು ಬಗ್ಗಿ ನೋಡಿದ.

‘ಏನ್ರಿ ಸಾಹೇಬ್ರ, ಜೀಪಿನ ಎಣ್ಣಿ ಬದಲ್ಸೀರೇನು?’

‘ಮಸಾಲಿ, ಕಾಕಾ. ಮೆಕ್ಸಿಕೋದ್ದು.’

‘ಅದೆಲ್ಲಿ ಬರ್ತೈತಿ? ಗೋವಾದ ಆಚೇಕ?’

‘ಭಾಳ ಆಚೇಕ.’

‘ಇರ್ಲಿ. ಹಿರ್ಯಾರೂ ದೂರದಿಂದನ ಬಂದಾವ್ರು. ಯಾರು ಕೊಯ್ದಾರ?’

‘ಕೋಳಿ ಅಂಗಡಿಯಂವ.’

‘ಬಿಸ್ಮಿಲ್ಲಾ ಅಂದ ಕೊಯ್ದಿರ್ತಾನ. ದೇವರ ಹೆಸರಂತೂ ಆತು. ಬಾಯಿಗೆ ಹಾಕೀರೇನು?’

‘ಇಲ್ಲ.’

‘ನಾಲಿಗಿ ಹಚ್ಚೀರೇನು?’

‘ಸೌಟು ಎತ್ತಿದ್ರು,’ ಎಂದಳು ಹೆಂಡತಿ, ‘ಅಷ್ಟರಾಗ ಆಯಿ ಬಂದ್ಲು.’

ಕಾಕಾ ಯೋಚಿಸಿ ತೀರ್ಪು ಕೊಟ್ಟ. ಎಂಜಲಾಗಿಲ್ಲ, ಆದ್ದರಿಂದ ಎಡೆಗೆ ನಡೆಯುತ್ತದೆ. ಆದರೆ ಶುರು ಮಾಡಿದ ಕೈಯೇ ಮುಗಿಸಬೇಕು. ಯಾರೂ ರುಚಿ ನೋಡಕೂಡದು. ಕಾಲು ಸಮೇತ ಹುಂಜ ಪೂರ್ತಿ ಪಾತೇಲಿಯಲ್ಲಿರಬೇಕು. ಹಿರಿಯರ ಕಲ್ಲಿನ ಹತ್ತಿರವೇ ಎಲ್ಲರೂ ಕೂತು ತಿಂದು ಪಾತೇಲಿ ಖಾಲಿ ಮಾಡಬೇಕು, ಮನೆಗೆ ಒಂದು ಚೂರೂ ವಾಪಸು ಬರಕೂಡದು.

‘ಉಳದ್ರ?’ ಎಂದು ಕೇಳಿದೆ.

‘ಉಳದ್ರ ಅವರು ಒಲ್ಲೆ ಅಂದಂಗ.’

ಮೆಣಸಿನಕಾಯಿ, ಶೇಂಗಾ, ಟೊಮೆಟೊ ಎಲ್ಲ ಆ ಮೆಕ್ಸಿಕೋದ ಕಡೆಯಿಂದಲೇ ಹಡಗು ಹತ್ತಿ ಗೋವೆಗೆ ಬಂದವು. ಆಯಿಯ ಹಿರಿಯರನ್ನೂ ಆಫ್ರಿಕಾದಿಂದ ಗೋವೆಗೆ ತಂದದ್ದು ಅಂಥವೇ ಹಡಗುಗಳು. ಇವೆರಡನ್ನೂ ಗಂಟು ಹಾಕಿ ಇಲ್ಲೊಂದು ಚಂದದ ಪ್ಯಾರಾ ಬರೆಯಬಹುದು. ಬರೆದಿದ್ದೆ. ಹೊಡೆದುಹಾಕಿದೆ. ಅವತ್ತು ಇದು ಯಾರಿಗೂ ಹೊಳೆದಿರಲಿಲ್ಲ. ನಮಗಿದ್ದದ್ದು ಉಪ್ಪಿನ ಚಿಂತೆ.

ರುಚಿ ನೋಡದೆ ಉಪ್ಪು ಹಾಕುವುದು ಹೇಗೆ? ಸಾದಾ ಕೋಳಿ ಸಾರಾದರೆ ಕೈಗೆ ಗೊತ್ತಿರುತ್ತದೆ. ಈ ಕಪ್ಪು ವಸ್ತುವಿನ ಬಗ್ಗೆ ನನ್ನ ಕೈಗೆ ಏನೂ ಗೊತ್ತಿರಲಿಲ್ಲ. ನಾನು ಹಾಕಿದೆ, ಅದು ಖಂಡಿತ. ನಾನು ಅಂಗಿ ಬದಲಿಸಲು ಹೋದಾಗ ಹೆಂಡತಿಯೂ ಹಾಕಿದಳು. ಹಾಕಿಲ್ಲ ಎಂದು ಅವಳು ಈಗ ಹೇಳುತ್ತಾಳೆ. ಆದರೆ ಅವತ್ತು ಕೈ ಒರೆಸಿಕೊಳ್ಳುತ್ತ, ‘ನೀವು ಯಾವಾಗಲೂ ಕಡಿಮಿ ಹಾಕ್ತೀರಿ’ ಎಂದಿದ್ದಳು. ಕಾಕಾನ ಜೇಬಿನಲ್ಲಿ ಪೂಜೆಗೆಂದು ಒಂದು ಉಪ್ಪಿನ ಪೊಟ್ಟಣ ಇತ್ತು. ಪಾತೇಲಿ ಹೊತ್ತು ನಡೆದ ದಾರಿಯ ಕೊನೆಯಲ್ಲಿ ಆ ಪೊಟ್ಟಣ ಖಾಲಿ ಇತ್ತು. ಅಷ್ಟೇ ನನಗೆ ಕಂಡದ್ದು. ಶುರು ಮಾಡಿದ ಕೈಯೇ ಮುಗಿಸಬೇಕೆಂದು ಹೇಳಿದವನೂ ಅವನೇ.

ಕಲ್ಲು ಕಾಡಂಚಿನಲ್ಲಿ, ಒಂದು ದೊಡ್ಡ ಮತ್ತಿಮರದ ಕೆಳಗೆ. ಕೇರಿಯವರು ಅನ್ನ ಮಾಡಿ ತಂದಿದ್ದರು. ನಾವು ಊಟಕ್ಕೆ ಕರೆದ ಕಾಲೊನಿಯವರೂ ಬಂದರು. ಪಕ್ಕದ ಮನೆಯವರು ಮಾತ್ರ ಪಾತೇಲಿ ನೋಡಿ, ‘ಅಯ್ಯೋ, ನಮ್ಮದು ಇವತ್ತು ಸೋಮವಾರದ ಒಪ್ಪತ್ತು ನೋಡ್ರಿ’ ಎಂದು ಹೊರಟುಹೋದರು. ಅಂದು ಭಾನುವಾರ.

ಕಾಕಾ ಎಲೆಯ ಮೇಲೆ ಅನ್ನವಿಟ್ಟು, ಅದರ ಮೇಲೆ ಮೆಕ್ಸಿಕೋ ಕೋಳಿ ಬಡಿಸಿ, ಪಕ್ಕದಲ್ಲಿ ಬಾಟಲಿಯಿಂದ ಒಂದಿಷ್ಟು ಸೆರೆ ಹೊಯ್ದ. ‘ಆಯಿ ಕಣ್ಣಿಂದು. ಸಾಹೇಬ್ರು ಮಾಡ್ಯಾರ. ಹೆಂಗಿದ್ರೂ ತಿನ್ರಿ,’ ಎಂದು ಕಲ್ಲಿಗೆ ಹೇಳಿದ. ನಾವೆಲ್ಲ ಕೈಮುಗಿದೆವು. ಆಮೇಲೆ ಎಲ್ಲರಿಗೂ ಬಡಿಸಿದರು.

ಎಲ್ಲರೂ ಮೊದಲ ತುತ್ತು ನುಂಗಿದರು. ಆಮೇಲೆ ಎಲ್ಲರೂ ಒಟ್ಟಿಗೆ ನೀರು ಕೇಳಿದರು.

‘ಉಪ್ಪಿನ ಸತ್ಯಾಗ್ರಹ ಐತೇನಿದು?’ ಎಂದ ಕಾಲೊನಿಯ ಒಬ್ಬ.

‘ಸಿಹಿನೂ ಐತಿ ನೋಡು ಹಿಂದಿಂದ,’ ಎಂದಳು ಕೇರಿಯ ಒಬ್ಬ ಹೆಂಗಸು. ‘ಅತ್ತಿ ಮನಿ ಮಾತಿನಂಗ. ಮೊದಲ ಖಾರ, ಆಮ್ಯಾಲೆ ಸಿಹಿ, ಕಡೀಕ ಕಣ್ಣಾಗ ನೀರು.’

‘ನಮ್ಮ ಹಿರ್ಯಾರಿಗೆ ಹಲ್ಲಿಲ್ಲ. ರಸಾ ಅಷ್ಟ ಕುಡೀತಾರ,’ ಎಂದ ಕಾಕಾ. ತಾನು ಮಾತ್ರ ಅನ್ನದ ಗುಡ್ಡ ಮಾಡಿ ಅದರ ತುದಿಗೆ ಒಂದು ಹನಿ ಮುಟ್ಟಿಸಿಕೊಂಡು ತಿನ್ನುತ್ತಿದ್ದ.

ನನ್ನ ಬಾಯಿಗೆ ಹೇಗಿತ್ತು? ಉಪ್ಪು ನೆನಪಿದೆ. ಅದರ ಹಿಂದೆ ಇನ್ನೊಂದೇನೋ ಇತ್ತು, ಹುರಿದ ಎಳ್ಳಿನ ಹಾಗೆ, ಸುಟ್ಟ ಬೆಲ್ಲದ ಹಾಗೆ. ‘ಹಾಗೆ’ ಎಂದು ಬರೆದ ಕೂಡಲೇ ಅದು ತಪ್ಪಿಹೋಗುತ್ತದೆ. ಕೆಟ್ಟದಾಗಿರಲಿಲ್ಲ ಎಂದು ನಂಬಿದ್ದೇನೆ. ಮಾಡಿದವನು ಹಾಗೆಯೇ ನಂಬುತ್ತಾನೆ.

ಪಾತೇಲಿ ಕಡಿಮೆಯಾಗುತ್ತಿರಲಿಲ್ಲ. ಆಯಿ ತನ್ನ ಎಲೆಯಲ್ಲಿದ್ದದ್ದನ್ನು ಬೇಗ ಬೇಗ ತಿಂದು ಮುಗಿಸಿ, ಕಪ್ಪು ಕನ್ನಡಕವನ್ನು ಪಾತೇಲಿಯ ಕಡೆ ತಿರುಗಿಸಿಕೊಂಡು ಕೂತಿದ್ದಳು. ಮರದ ನೆರಳಿನಲ್ಲಿ ಅವಳಿಗೆ ಒಳಗಡೆ ಕಾಣುತ್ತಿರಲಿಲ್ಲ.

‘ಎಷ್ಟು ಉಳದೈತಿ?’

‘ಮುಗೀಲಿಕ್ಕೆ ಬಂತು, ಆಯಿ,’ ಎಂದರು ನಾಲ್ಕು ಜನ ಒಟ್ಟಿಗೆ.

‘ಸೌಟಿನ ಸಪ್ಪಳ ಕೇಳ್ಸತೈತಿ ನನಗ. ತಳಾ ಮುಟ್ಟಿಲ್ಲ. ಅರ್ಧಾ ಐತಿ.’

ಅರ್ಧ ಇತ್ತು. ಹೆಂಡತಿ ಎಲ್ಲರ ಎಲೆಗೂ ಎರಡನೆಯ ಸಲ ಬಡಿಸಲು ಹೊರಟಳು. ಕೈಗಳು ಎಲೆಯ ಮೇಲೆ ಅಡ್ಡ ಬಂದವು. ‘ಬ್ಯಾಡವ್ವಾ, ಸಾಕು, ಹೊಟ್ಟಿ ತುಂಬೇತಿ.’ ಆಗ ಆಯಿ ಎದ್ದು ನಿಂತಳು.

‘ಯಾರಿಗೂ ಜಬರಿ ಇಲ್ಲ,’ ಎಂದಳು. ‘ಉಳದ್ರ ಉಳೀತು. ಗಾಡಿಯಂವಗ ಬರಬ್ಯಾಡ ಅಂತ ಫೋನ್ ಹಚ್ಚಿ ಹೇಳ್ರಿ.’

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು. ಇನ್ನೊಂದು ಕಣ್ಣಿಲ್ಲದೆಯೂ ನಡೆಯುತ್ತದೆ ಎಂದು ಆಗಲೇ ಲೆಕ್ಕ ಹಾಕಿಕೊಂಡವಳ ದನಿ. ಉಪ್ಪಿನ ಸತ್ಯಾಗ್ರಹ ಎಂದವನು ಮೊದಲು ಎಲೆ ಮುಂದೆ ಮಾಡಿದ. ನಾನು ನನ್ನ ಎಲೆ ಹಿಡಿದೆ. ಹುಂಜದ ಒಂದು ಕಾಲು, ಉಗುರಿಲ್ಲದ್ದೇ, ನನ್ನ ಪಾಲಿಗೆ ಬಂತು. ಮೊಣಕಾಲಿಗೆ ಒಳ್ಳೆಯದು ಎಂದುಕೊಂಡು ಚೀಪಿದೆ.

ಕುಡಿಯುವ ನೀರು ಮುಗಿದಿತ್ತು. ಎಲ್ಲರಿಗೂ ಬಾಯಾರಿಕೆ ವಿಪರೀತವಾಗಿದ್ದರಿಂದ ನಾನೂ ಹೆಂಡತಿಯೂ ಕೊಡ ಹಿಡಿದು ಕೆಳಗಿನ ನಳಕ್ಕೆ ಹೋದೆವು. ನನ್ನ ಮೊಣಕಾಲಿನಿಂದಾಗಿ ಹೋಗಿ ಬರುವುದು ನಿಧಾನವಾಯಿತು. ತಿರುಗಿ ಬಂದಾಗ ಆಯಿ ಪಾತೇಲಿಯೊಳಗೆ ಮೊಣಕೈವರೆಗೆ ಕೈ ಹಾಕಿ ತಳವನ್ನು ಸವರುತ್ತಿದ್ದಳು. ಸುತ್ತ ಸವರಿದಳು, ಅಂಚು ಸವರಿದಳು, ಬೆರಳುಗಳನ್ನು ನೆಕ್ಕಿದಳು.

‘ಆತು ನೋಡು,’ ಎಂದಳು. ಮುಖ ಅರಳಿತ್ತು.

ಪಾತೇಲಿ ಖಾಲಿ. ಕಾಕಾ ಮರದ ಮೇಲಿನ ಯಾವುದೋ ಹಕ್ಕಿಯನ್ನು ನೋಡುತ್ತಿದ್ದ. ಉಳಿದವರು ಎಲೆ ಮಡಿಸುವುದರಲ್ಲಿ ಮುಳುಗಿದ್ದರು. ಕೇರಿಯ ನಾಯಿಗಳು ದೂರದಲ್ಲಿದ್ದವು. ನೀರು ಕುಡಿಯುತ್ತಿದ್ದವು ಎಂದು ಹೆಂಡತಿ ಹೇಳುತ್ತಾಳೆ, ನಾನು ನೋಡಲಿಲ್ಲ. ಎಲ್ಲರೂ ಒಂದೊಂದು ಸೌಟು ಹಾಕಿಸಿಕೊಂಡು ಕಣ್ಣು ಮುಚ್ಚಿ ತಿಂದರು ಎಂದು ಕಾಲೊನಿಯವನೊಬ್ಬ ಆಮೇಲೆ ಹೇಳಿದ. ಹಾಗಲ್ಲ, ಕಾಕಾ ಒಬ್ಬನೇ ತಿಂದ ಎಂದ ಇನ್ನೊಬ್ಬ. ಕಾಕಾನನ್ನು ಕೇಳಿದರೆ, ‘ಯಾರಿಗೆ ಕೊಟ್ಟಿದ್ರೋ ಅವರು ತಿಂದ್ರು’ ಎಂದ.

ಗುರುವಾರ ಆಯಿ ಗಾಡಿ ಹತ್ತಿದಳು. ಎರಡನೆಯ ಕಣ್ಣೂ ಬಂತು. ಕನ್ನಡಕ ತೆಗೆಯುವ ದಿನ ಬಂದ ಮೇಲೆ ನಮ್ಮ ಹಿತ್ತಲಿಗೆ ಬಂದು ನನ್ನನ್ನು ಹತ್ತಿರದಿಂದ ಬಹಳ ಹೊತ್ತು ನೋಡಿದಳು.

‘ಅಯ್ಯ ತಮ್ಮಾ, ನಿನಗೂ ಇಷ್ಟು ವಯಸ್ಸಾಗೇತೇನು? ನಾ ಸಣ್ಣಾಂವ ಅಂತಿದ್ದೆ.’

‘ಅಡಗಿ ಹೆಂಗಾಗಿತ್ತು, ಆಯಿ? ಖರೇ ಹೇಳು.’

‘ಹರಕಿ ಅಡಗೀಗೆ ಹಂಗೆಲ್ಲಾ ಕೇಳಬಾರದು,’ ಎಂದು ಹೇಳಿ, ಹೆಂಡತಿಯ ಹತ್ತಿರ ಮೊಟ್ಟೆ ಕೊಟ್ಟು ಹೋದಳು.

ನಾನು ಆ ಅಡುಗೆಯನ್ನು ಬೇರೆಲ್ಲೂ ತಿಂದಿಲ್ಲ, ಆದ್ದರಿಂದ ನಾನು ಮಾಡಿದ್ದು ಅದೇನಾ ಎಂದು ಗೊತ್ತಿಲ್ಲ. ನಾವು ನೀರಿಗೆ ಹೋದಾಗ ಪಾತೇಲಿಯಲ್ಲಿ ನಿಜಕ್ಕೂ ಎಷ್ಟು ಉಳಿದಿತ್ತು ಎಂದು ಗೊತ್ತಿಲ್ಲ. ಅದನ್ನು ಯಾರು ಮುಗಿಸಿದರು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.