ಓನರ್ ಆಂಟಿ ಮಾಡಿದ ಕಾಲು ಸೂಪು

ಓನರ್ ಆಂಟಿಯ ಎಡಗೈ ತೋರುಬೆರಳು ಮಡಚುತ್ತಿರಲಿಲ್ಲ. ಮನೆಯಲ್ಲಿ ಹಸುಗಳಿದ್ದ ಕಾಲದಲ್ಲಿ ಮೇವು ಕತ್ತರಿಸುವ ಮಷೀನಿಗೆ ಸಿಕ್ಕಿ, ಗಾಯ ವಾಸಿಯಾದ ಮೇಲೂ ನೆಟ್ಟಗೇ ನಿಂತುಬಿಟ್ಟಿತ್ತು. ಬೈಯುವಾಗ ಅದೊಂದು ಅನುಕೂಲ, ಬೈಗುಳ ಯಾರಿಗೆ ಅನ್ನುವ ಅನುಮಾನವೇ ಇರುತ್ತಿರಲಿಲ್ಲ. ಹೂ ಕಟ್ಟುವಾಗಲೂ ನನ್ನ ಕೆನ್ನೆ ಹಿಂಡುವಾಗಲೂ ಆ ಬೆರಳು ಮಾತ್ರ ಬೇರೆಯಾಗಿ ನಿಂತಿರುತ್ತಿತ್ತು.

ಜರಗನಹಳ್ಳಿಯಲ್ಲಿ ಅವರದು ಜಮೀನಿದ್ದ ಮನೆತನ. ಈಗ ಆ ಜಮೀನಿನ ಮೇಲೆ ಬಾಡಿಗೆ ಮನೆಗಳು. ಕೆಳಗೆ ಅವರು ಒಬ್ಬರೇ, ಮೇಲೆ ನಾವು ಮೂವರು. ಗಂಡ ತೀರಿಕೊಂಡಿದ್ದರು, ಮಗಳು ಮದುವೆಯಾಗಿ ಹುಳಿಮಾವಿನಲ್ಲಿದ್ದಳು. ನಮ್ಮ ನಲ್ಲಿಯ ಸದ್ದು ಸ್ವಲ್ಪ ಹೆಚ್ಚಾದರೆ ಸಾಕು, "ಯಾರವ್ವಾ ಅದು, ಕೆರೆ ತುಂಬಿಸ್ತಾ ಇದ್ದೀರಾ?" ಎಂದು ಕೆಳಗಿನಿಂದ ಕೂಗು ಬರುತ್ತಿತ್ತು. ಆದರೆ ಯಾರು ಯಾವ ಕಷ್ಟ ಹೇಳಿಕೊಂಡು ಹೋದರೂ ಅವರದು ಒಂದೇ ಮಾತು, "ಆಯ್ತದೆ ಬುಡು."

ನಮ್ಮದು ಬೆಳ್ಳುಳ್ಳಿಗೂ ಪ್ರವೇಶವಿಲ್ಲದ ಮನೆ. ನಾವು ಆ ಮನೆಗೆ ಬಂದ ವರ್ಷ ಯುಗಾದಿಗೆ ಆಂಟಿ ತಟ್ಟೆ ತುಂಬ ಹೋಳಿಗೆ ತಂದುಕೊಟ್ಟರು. ಅಮ್ಮ ನಗುನಗುತ್ತಾ ತೆಗೆದುಕೊಂಡು, ಬಾಗಿಲು ಹಾಕಿ, ಸಾಯಂಕಾಲ ಕೆಲಸದವಳ ಚೀಲಕ್ಕೆ ಹಾಕಿದಳು. ತಟ್ಟೆ ತೊಳೆದು ಸಕ್ಕರೆ ಹಾಕಿ ವಾಪಸು ಕೊಟ್ಟದ್ದೂ ಆಯಿತು. ಆ ಕೆಲಸದವಳೇ ಕೆಳಗಿನ ಮನೆಯಲ್ಲೂ ಪಾತ್ರೆ ಉಜ್ಜುತ್ತಿದ್ದಳು ಅನ್ನುವುದು ಅಮ್ಮನಿಗೆ ಹೊಳೆಯಲೇ ಇಲ್ಲ. ಮುಂದಿನ ಹಬ್ಬದಿಂದ ಆಂಟಿ ಬಾಳೆಹಣ್ಣು ಕೊಡತೊಡಗಿದರು. ಬೇಸರ ತೋರಿಸಲಿಲ್ಲ, ಕೇಳಲೂ ಇಲ್ಲ.

ನನಗೆ ಏಳು ವರ್ಷವಿದ್ದಾಗ ಏನು ತಿಂದರೂ ಹೊಟ್ಟೆ ಉಬ್ಬರ, ನೋವು, ಮೈಯೆಲ್ಲ ಕಡಿತ. ಡಾಕ್ಟರರ ಔಷಧಿಗೆ ಕಡಿಮೆಯಾಗುವುದು, ಮತ್ತೆ ಶುರುವಾಗುವುದು. ಅಮ್ಮ ಸೋತು, ಜಯನಗರದಲ್ಲಿ ಒಬ್ಬಾಕೆ ಮನೆಯಲ್ಲೇ ನಡೆಸುತ್ತಿದ್ದ ಪಥ್ಯದ ಕ್ಲಾಸಿಗೆ ಸೇರಿಕೊಂಡಳು. ಮಗುವಿನ ಕರುಳು ಹಾಳಾಗಿದೆ, ಮೊದಲು ಅದನ್ನು ವಾಸಿ ಮಾಡಬೇಕು ಎಂದರಂತೆ. ಅಕ್ಕಿ, ರಾಗಿ, ಗೋಧಿ, ಹಾಲು, ಸಕ್ಕರೆ ಎಲ್ಲಾ ಬಂದ್. ಬೆಂದ ತರಕಾರಿ, ತುಪ್ಪ, ಮತ್ತೆ ಗಂಟೆಗಟ್ಟಲೆ ಮೂಳೆ ಬೇಯಿಸಿದ ನೀರು. ನಮ್ಮ ಮನೆಯಲ್ಲಿ ಮೂಳೆ! ಅಪ್ಪ ಪೇಪರಿನಿಂದ ತಲೆ ಎತ್ತದೆ, "ಅದು ಔಷಧಿ, ಊಟ ಅಲ್ವಲ್ಲ" ಅಂದರು. ಅಷ್ಟಕ್ಕೆ ಅವರ ಜವಾಬ್ದಾರಿ ಮುಗಿಯಿತು.

ಅಮ್ಮ ಕೆಳಗೆ ಹೋಗಿ ತಲೆ ತಗ್ಗಿಸಿಕೊಂಡು ಕೇಳಿದಳು. ಆಂಟಿಯ ಮುಖ ಅರಳಿದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದ್ದೆ. "ಮಗೀಗೆ ತಾನೇ? ನಾನ್ ಮಾಡ್ಕೊಡ್ತೀನಿ ಬುಡಿ, ನೀವು ಮುಟ್ಟೋದೂ ಬ್ಯಾಡ" ಅಂದರು. ಮಾರನೆಯ ದಿನ ಬೆಳಗ್ಗೆಯೇ ಕುರಿಯ ಕಾಲು ಬಂತು. ಸುಟ್ಟು, ಉಜ್ಜಿ, ಸೌದೆ ಒಲೆಯ ಮೇಲೆ ಬೇಯಿಸಿ, ಎರಡು ಸಲ ಸೋಸಿ, ಸ್ಟೀಲ್ ಡಬ್ಬಿಯಲ್ಲಿ ಹಾಕಿ ಮೆಟ್ಟಿಲ ಮೇಲಿಡುತ್ತಿದ್ದರು. ಅಮ್ಮ ಮುಖ ಆಚೆ ತಿರುಗಿಸಿಕೊಂಡು ಚಮಚದಲ್ಲಿ ಕುಡಿಸುತ್ತಿದ್ದಳು. ಖಾಲಿ ಡಬ್ಬಿ ಕೆಳಗೆ ಹೋದರೆ ಆಂಟಿ ಅದರೊಳಗೆ ಇಣುಕಿ, "ಪೂರ್ತಿ ಕುಡುದ್ಲಾ!" ಎಂದು ಬೀದಿಗೆಲ್ಲ ಕೇಳುವಂತೆ ಸಂತೋಷಪಡುತ್ತಿದ್ದರು.

ಮೊದಲು ತಲೆನೋವು ಬಂತು. ಆಮೇಲೆ ವಾಂತಿ, ಬಾಯಿಯ ಸುತ್ತ ಕೆಂಪು ಗುಳ್ಳೆ. ಮೆಟ್ಟಿಲು ಹತ್ತಲು ಕಾಲು ಬರುತ್ತಿರಲಿಲ್ಲ. ಹಗಲೆಲ್ಲ ನಿದ್ದೆ. ನಾನು ಅಕ್ಕಿ ಡಬ್ಬದಿಂದ ಹಸಿ ಅಕ್ಕಿ ಕದ್ದು ಅಗಿಯುತ್ತಿದ್ದೆ, ಅಮ್ಮ ಅದನ್ನು ಕಂಡುಹಿಡಿದು ಡಬ್ಬ ಅಟ್ಟಕ್ಕೇರಿಸಿದಳು. ಕ್ಲಾಸಿನವರಿಗೆ ಫೋನು ಮಾಡಿದರೆ, ಒಳಗಿನ ವಿಷ ಹೊರಗೆ ಹೋಗುತ್ತಿದೆ, ಒಳ್ಳೆಯ ಲಕ್ಷಣ, ನಿಲ್ಲಿಸಬೇಡಿ ಅಂದರು. ಅಮ್ಮ ಅದನ್ನೇ ಅಪ್ಪನಿಗೆ ಹೇಳಿದಳು, ಆಂಟಿಗೂ ಹೇಳಿದಳು. ಹೇಳುತ್ತಾ ಹೇಳುತ್ತಾ ತಾನೂ ನಂಬಿದಳು.

ಆದರೂ ಒಂದು ದಿನ ಅವಳ ಧೈರ್ಯ ಕೆಟ್ಟಿತು. ನನ್ನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಕೆಳಗೆ ಹೋಗಿ, "ನಾಳೆಯಿಂದ ಬೇಡ ಆಂಟಿ. ಮಗು ತುಂಬಾ ಸುಸ್ತಾಗಿದೆ" ಅಂದಳು. ಆಂಟಿ ಡಬ್ಬಿ ಹಿಡಿದುಕೊಂಡೇ ನಿಂತರು.

"ವಿಸ ಆಚೆ ಹೋಯ್ತಾ ಐತೆ ಅಂತ ನೀವೇ ಅಂದ್ರಲ್ಲವ್ವಾ. ಅರ್ಧಕ್ಕೆ ಬುಟ್ರೆ ಮಾಡಿದ್ದೆಲ್ಲಾ ದಂಡ ಆಗಲ್ವಾ? ಇನ್ನೆರಡು ದಿನ ನೋಡಾನ. ಆಯ್ತದೆ ಬುಡಿ."

ಅಮ್ಮ ಡಬ್ಬಿ ತೆಗೆದುಕೊಂಡಳು. ಆಂಟಿಯ ಆ ಹೊತ್ತಿನ ಮುಖ ನನಗೆ ಅರ್ಥವಾಗಲು ಎಷ್ಟೋ ವರ್ಷ ಬೇಕಾಯಿತು. ಅವರ ಅಡಿಗೆಯಲ್ಲಿ ನಮ್ಮ ಮನೆಯವರು ಬಾಯಿಗಿಟ್ಟದ್ದು ಆ ಸೂಪು ಒಂದನ್ನೇ. ಅದು ನಿಂತುಹೋಗುವುದು ಅವರಿಗೆ ಬೇಕಿರಲಿಲ್ಲ. ಅದಕ್ಕೆ ಅವರ ಮೇಲೆ ಸಿಟ್ಟು ಬರಬೇಕಿತ್ತು. ನನಗೆ ಬರುವುದು ಅಳು.

ಮರುದಿನ ಬೆಳಗ್ಗೆ ಅಪ್ಪ ಆಫೀಸಿಗೆ ಹೋದ ಮೇಲೆ ಅಮ್ಮ ಎಬ್ಬಿಸಿದರೆ ನಾನು ಏಳಲಿಲ್ಲ. ಅವಳ ಕಿರುಚಾಟ ಕೇಳಿ ಆಂಟಿ ಬರಿಗಾಲಲ್ಲಿ ಓಡಿ ಬಂದು, ನಮ್ಮ ಹಾಲ್, ರೂಮು ಎಲ್ಲ ದಾಟಿ, ನನ್ನನ್ನು ಎತ್ತಿ ಹೆಗಲಿಗೆ ಹಾಕಿಕೊಂಡರಂತೆ. ಕನಕಪುರ ರಸ್ತೆಯ ಮಧ್ಯಕ್ಕೇ ಹೋಗಿ ನಿಂತು ಒಂದು ಆಟೋ ತಡೆದರಂತೆ. ನನಗೆ ಅದ್ಯಾವುದೂ ನೆನಪಿಲ್ಲ. ಕುತ್ತಿಗೆಯ ಹಿಂದೆ ಒತ್ತುತ್ತಿದ್ದ ಮಡಚದ ಬೆರಳೊಂದೇ ನೆನಪು. ಈಗಲೂ ಊಟ ತಪ್ಪಿ ತಲೆ ಸುತ್ತಿದಾಗ ಅಲ್ಲೇ ಒತ್ತುತ್ತದೆ. ತಿರುಗಿ ನೋಡುತ್ತೇನೆ.

ರಕ್ತದಲ್ಲಿ ಸಕ್ಕರೆ ಪೂರ್ತಿ ಇಳಿದುಹೋಗಿತ್ತು. ಗ್ಲೂಕೋಸ್ ಏರಿಸಿ ಉಳಿಸಿದರು. ಆಸ್ಪತ್ರೆಗೆ ನೋಡಲು ಬಂದ ನೆಂಟರಿಗೆ ನಮ್ಮ ಮನೆಯವರು ಹೇಳಿದ್ದು ಒಂದೇ ಮಾತು, "ಓನರ್ ಮನೆಯವರು ಏನೋ ಕುಡಿಸಿಬಿಟ್ಟರು." ಎಳನೀರು ಹಿಡಿದು ವಾರ್ಡಿನ ಬಾಗಿಲಿಗೆ ಬಂದಿದ್ದ ಆಂಟಿ ಅದನ್ನು ಕೇಳಿಸಿಕೊಂಡು, ಎಳನೀರನ್ನು ನರ್ಸಿನ ಕೈಗೆ ಕೊಟ್ಟು ಹೊರಟುಹೋದರು. ಆ ತಿಂಗಳೇ ನಾವು ಬನಶಂಕರಿಗೆ ಮನೆ ಬದಲಾಯಿಸಿದೆವು. ಕ್ಲಾಸಿನ ಹೆಸರನ್ನು ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ.

ಕಾಲೇಜು ಸೇರಿದ ಮೇಲೆ ನಾನು ಆಗಾಗ ಅವರನ್ನು ನೋಡಿಬರುತ್ತಿದ್ದೆ. ಹೋದಾಗಲೆಲ್ಲ ಮೊದಲ ಪ್ರಶ್ನೆ, "ಅನ್ನ ತಿಂತೀಯಾ ಮಗಾ?" ತಿಂತೀನಿ ಆಂಟಿ ಅಂದರೂ ಪೂರ್ತಿ ನಂಬದೆ ನನ್ನ ಮಣಿಕಟ್ಟು ಹಿಡಿದು ದಪ್ಪ ನೋಡುತ್ತಿದ್ದರು. ಕೊನೆಯ ಸಲ ಹೋದಾಗ ಅವರು ಹಾಸಿಗೆ ಹಿಡಿದಿದ್ದರು.

"ಆವತ್ತು ನಿಮ್ಮಮ್ಮ ಬ್ಯಾಡ ಅಂದಿದ್ರು" ಅಂದರು. "ನಾನೇ ಕೇಳ್ಲಿಲ್ಲ."

"ಅದೆಲ್ಲ ಬಿಡಿ ಆಂಟಿ" ಎಂದೆ.

ಆಂಟಿ ತೀರಿಕೊಂಡ ಹನ್ನೊಂದನೇ ದಿನದ ತಿಥಿಗೆ ಹೊರಟಾಗ, ನಾನು ಕರೆಯದಿದ್ದರೂ ಅಮ್ಮ ಸೀರೆ ಉಟ್ಟು ನನ್ನ ಜೊತೆ ಬಂದಳು. ಆಂಟಿಯ ಮಗಳು ನಮ್ಮನ್ನು ಒಳಗೆ ಕೂರಿಸಿದಳು. ನನಗೆ ಹಾಗಾದ ಮೇಲೆ ತನ್ನಪ್ಪನ ತಿಥಿಗೂ ತನ್ನಮ್ಮ ಕಾಲು ಸೂಪು ಮಾಡಲಿಲ್ಲ, ತಮಗೂ ಮಾಡಲು ಬಿಡಲಿಲ್ಲ ಎಂದಳು. ಎಲೆ ಹಾಕುವ ಹೊತ್ತಿಗೆ ನಮ್ಮ ರೀತಿ ಗೊತ್ತಿದ್ದರಿಂದ ಒಂದು ತಟ್ಟೆಯಲ್ಲಿ ಬಾಳೆಹಣ್ಣು ತಂದು ಅಮ್ಮನ ಮುಂದಿಟ್ಟಳು.

ಅಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ನಂಗೂ ಅನ್ನ ಸಾರು ಹಾಕಮ್ಮ" ಅಂದಳು. ಒಂದು ಅಗುಳೂ ಬಿಡದೆ ಉಂಡಳು.

ಬರುವಾಗ ಆಟೋದಲ್ಲಿ ಅಮ್ಮ ರಸ್ತೆ ನೋಡುತ್ತಲೇ ಹೇಳಿದಳು, "ಆವತ್ತು ಆಸ್ಪತ್ರೇಲಿ, ಮಗು ಏನ್ ತಿಂತಾಳೆ ಅಂತ ಡಾಕ್ಟ್ರು ಕೇಳಿದ್ರು ಕಣೆ. ಮನೆ ಊಟಾನೇ ಅಂದ್ಬಿಟ್ಟೆ ನಾನು. ಭಯಕ್ಕೆ. ಆಂಟಿನೇ ಮುಂದೆ ಬಂದು, ಇಲ್ಲ ಸಾರ್, ಅನ್ನ ನಿಲ್ಸವ್ರೆ, ನಾನೇ ಸೂಪ್ ಕೊಡ್ತಿದ್ದೆ, ತಪ್ಪು ನಂದೇ ಅಂದ್ರು. ನಾನು ಸುಮ್ನೆ ನಿಂತಿದ್ದೆ."

ನಾನು ಅವಳ ಕೈ ಹಿಡಿದುಕೊಂಡೆ. ಇಂಥ ಮಾತಿಗೆ "ಆಯ್ತದೆ ಬುಡು" ಅನ್ನಬೇಕಾದವರನ್ನು ಹೂವಿನ ಹಾರ ಹಾಕಿದ ಫೋಟೋದಲ್ಲಿ ಜರಗನಹಳ್ಳಿಯಲ್ಲೇ ಬಿಟ್ಟು ಬಂದಿದ್ದೆವು.